ಕೋರ್ಟಿಗೆ ಹೋಗುವ ಕೇಸ್‌ಶೀಟ್: ಗುಟ್ಟಿಗೆ ಕಾವಲು ಯಾರು?

ವೈದ್ಯರ ಮುಂದೆ ಹೇಳಿಕೊಂಡದ್ದು ಅಲ್ಲೇ ಉಳಿಯುತ್ತದೆ ಎಂಬುದು ನಮ್ಮ ನಂಬಿಕೆ. ಸಾಕ್ಷ್ಯ ಕಾನೂನು ಹಾಗೆ ಹೇಳಿಲ್ಲ. 1872ರ ಕಾಯ್ದೆ ವಕೀಲ-ಕಕ್ಷಿದಾರರ ಮಾತಿಗೆ, ಗಂಡ-ಹೆಂಡಿರ ಮಾತಿಗೆ ರಕ್ಷಣೆ ಕೊಟ್ಟಿತು. ವೈದ್ಯರನ್ನು ಆ ಸಾಲಿಗೆ ಸೇರಿಸಲಿಲ್ಲ. ಸಮನ್ಸ್ ಬಂದರೆ ಆಕ್ಷೇಪ ಏನೇ ಇರಲಿ, ದಾಖಲೆಯನ್ನು ಮೊದಲು ಕೋರ್ಟಿಗೆ ತರಬೇಕು, ಆಕ್ಷೇಪ ಸರಿಯೋ ಅಲ್ಲವೋ ಎಂಬುದನ್ನು ಕೋರ್ಟ್ ತೀರ್ಮಾನಿಸುತ್ತದೆ ಎಂದಿತು ಅದರ 162ನೇ ಕಲಂ. 2023ರ ಹೊಸ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ.

ಗೋಜಲು ಎದ್ದು ಕಂಡದ್ದು 2006ರಲ್ಲಿ. ಅರಣ್ಯ ಪ್ರಕರಣವೊಂದರಲ್ಲಿ ಆದೇಶ ಮೀರಿದ್ದಕ್ಕೆ ಮಹಾರಾಷ್ಟ್ರದ ಸಚಿವರೊಬ್ಬರಿಗೆ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಯಡಿ ಒಂದು ತಿಂಗಳ ಸಜೆ ವಿಧಿಸಿತು. ಅದರ ಬಹುಭಾಗ ಕಳೆದದ್ದು ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ. ಅಂಥ ಕಾಯಿಲೆ ಏನಿತ್ತು ಎಂದು ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ದಾಖಲೆ ಕೇಳಿದರು. ಅದು ಖಾಸಗಿ ಎಂಬ ಆಕ್ಷೇಪ ಬಂತು. ವೈದ್ಯರ ನೀತಿಸಂಹಿತೆ ಮಾಹಿತಿ ಹಕ್ಕು ಕಾಯ್ದೆಯನ್ನು ಮೀರಲಾರದು ಎಂದು 2007ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಸಜೆ ನಿಜವಾಗಿ ಜಾರಿಯಾಯಿತೇ ಎಂದು ಕೇಳುವುದು ನ್ಯಾಯವೇ. ಆದರೆ ಅದೇ ಅಳತೆಗೋಲನ್ನು ಸಾಮಾನ್ಯ ರೋಗಿಗೂ ಹಿಡಿದರೆ? ತೀರ್ಪಿಗೆ ಆಧಾರವಾಗಿದ್ದ ಮಾಹಿತಿ ಹಕ್ಕು ಕಾಯ್ದೆಯ ಕಲಮನ್ನು, ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಬಂದ 2023ರ ದತ್ತಾಂಶ ಕಾಯ್ದೆ ತಿದ್ದಿ, ಆ ದಾರಿಯನ್ನೂ ಕಿರಿದು ಮಾಡಿದೆ.

2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಅದೇ ವರ್ಷದ ಎಚ್‌ಐವಿ ಕಾಯ್ದೆ, ಸೋಂಕಿತರ ಹೆಸರು ಮರೆಮಾಡಿ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಸಲು ಅವಕಾಶ ಕೊಟ್ಟಿತು. ಇಷ್ಟು ಎಚ್ಚರ ಒಂದು ಕಾಯಿಲೆಗೆ ಸಾಧ್ಯವಾದರೆ ಉಳಿದವಕ್ಕೆ ಏಕಿಲ್ಲ ಎಂಬುದಕ್ಕೆ ಸಮಾಧಾನಕರ ಉತ್ತರ ಕಾಣುವುದಿಲ್ಲ.

ಸಮನ್ಸ್ ಎಂದೊಡನೆ ಆಸ್ಪತ್ರೆಗಳಿಗೆ ಕಾಡುವುದು ನಿಂದನೆಯ ಭಯ. ಕಾಲು ಮುರಿದ ಕೇಸಿಗೆ ಹಳೆಯ ಮನೋರೋಗ ಚಿಕಿತ್ಸೆಯ ಹಾಳೆಗಳೂ ಸೇರಿ ಇಡೀ ಕಡತ ಹೋಗಿಬಿಡುವ ಅಪಾಯ ಇರುವುದು ಇಲ್ಲೇ. 1971ರ ಕಾಯ್ದೆಯಡಿ ನಿಂದನೆಗೆ ಆರು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ ಇದೆ, ನಿಜ. ಆದರೆ ಸಿವಿಲ್ ನಿಂದನೆ ಎನಿಸಬೇಕಾದರೆ ಆದೇಶವನ್ನು ಬೇಕೆಂದೇ ಮೀರಿರಬೇಕು. ಕಡತವನ್ನು ಮುಚ್ಚಿದ ಲಕೋಟೆಯಲ್ಲಿ ತಂದು, ಸಂಬಂಧವಿಲ್ಲದ ಪುಟಗಳಿಗೆ ಆಕ್ಷೇಪ ಬರೆದುಕೊಟ್ಟು, ಮೊದಲು ನ್ಯಾಯಾಧೀಶರೇ ನೋಡಲಿ ಎಂದು ಕೇಳಿಕೊಳ್ಳುವುದು ಆದೇಶ ಪಾಲನೆಯೇ. 162ನೇ ಕಲಂ ಬಯಸಿದ್ದೂ ಇಷ್ಟೇ.