ಮೈಬಿಸಿಗೆ ಗಟ್ಟಿಯಾಗುವ ಹುಣಸೆ ಬೀಜದ ಜೆಲ್

ಪ್ರಶ್ನೆ: ಚೈನಾ ಗ್ರಾಸ್ ಕುದಿಸಿ ಆರಿಸಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಕರಗುತ್ತದೆ. ಹಾಗಿರುವಾಗ ಹೊರಗೆ ನೀರಾಗಿದ್ದು ದೇಹದೊಳಗೆ ಹೋದ ಮೇಲೆ ಗಟ್ಟಿಯಾಗುವ ಸಸ್ಯಮೂಲದ ಜೆಲ್ ಇದೆ ಎನ್ನುತ್ತಾರಲ್ಲ, ಅದು ಹೇಗೆ?

ಉತ್ತರ: ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಹುಣಸೆ ಬೀಜ. ಚೌಕಾಬಾರಕ್ಕೆಂದು ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿದಾಗ ಬೆಳ್ಳಗೆ ಕಾಣುತ್ತದಲ್ಲ, ಆ ತಿರುಳು. ಅದನ್ನು ಪುಡಿ ಮಾಡಿ ಬೇಯಿಸಿದರೆ ಅಂಟು ಗಂಜಿಯಾಗುತ್ತದೆ. ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಬಳಿಯುವುದು ಇದನ್ನೇ. ಬೆರಳ ನಡುವೆ ಹಿಡಿದರೆ ಲೋಳೆಯಂತೆ ಜಾರುತ್ತದೆ. ಆದರೆ ಬರೀ ನೀರಿನಲ್ಲಿ ಜೆಲ್ಲಿಯಂತೆ ಕಟ್ಟಿಕೊಳ್ಳುವುದಿಲ್ಲ.

ಯಾಕೆಂದರೆ ಅದರಲ್ಲಿರುವ ಜೈಲೊಗ್ಲುಕಾನ್ ಎಂಬ ಸಕ್ಕರೆ ಸರಪಳಿಯ ರಚನೆ ಹಾಗಿದೆ. ಬೆನ್ನೆಲುಬು ಹತ್ತಿಯ ಸೆಲ್ಯುಲೋಸ್‌ನದೇ, ಗ್ಲುಕೋಸ್ ಪೋಣಿಸಿದ ಸರ. ಹತ್ತಿಯಲ್ಲಿ ಸರಗಳು ಒಂದಕ್ಕೊಂದು ಒತ್ತಿ ಕೂತಿರುವುದರಿಂದಲೇ ಬಟ್ಟೆ ಎಷ್ಟು ಒಗೆದರೂ ಕರಗುವುದಿಲ್ಲ. ಹುಣಸೆಯಲ್ಲಿ ಆ ಬೆನ್ನೆಲುಬಿಗೆ ಜೈಲೋಸ್ ಎಂಬ ಸಕ್ಕರೆಯ ಕೊಂಬೆಗಳಿವೆ, ಕೆಲವು ಕೊಂಬೆಗಳ ತುದಿಯಲ್ಲಿ ಗ್ಯಾಲಕ್ಟೋಸ್ ಎಂಬ ಮತ್ತೊಂದು ಸಕ್ಕರೆ ಇದೆ. ಈ ಗ್ಯಾಲಕ್ಟೋಸ್ ನೀರನ್ನು ಹಿಡಿದುಕೊಂಡು ಸರಗಳು ಹತ್ತಿರ ಬರದಂತೆ ತಡೆಯುತ್ತದೆ.

ಪ್ರಯೋಗಾಲಯದಲ್ಲಿ ಈ ತುದಿಗಳನ್ನೇ ಸವರುತ್ತಾರೆ. ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವ ಬಳಸಿ ಗ್ಯಾಲಕ್ಟೋಸ್‌ನಲ್ಲಿ ಸುಮಾರು ಶೇ 35ರಷ್ಟನ್ನು ತೆಗೆದರೆ ತೆಳ್ಳನೆಯ ದ್ರಾವಣವೂ ಬಿಸಿಗೆ ಗಟ್ಟಿಯಾಗತೊಡಗುತ್ತದೆ. ಆಗ ಅದಕ್ಕೆ ಬೇಕಾದ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್; ಶೇ 58ರಷ್ಟು ತೆಗೆದರೆ 5 ಡಿಗ್ರಿ ಸಾಕು. ಇವೆರಡರ ನಡುವೆ ಎಲ್ಲಿ ಕೈ ನಿಲ್ಲಿಸಬೇಕೆಂದು ಗೊತ್ತಿದ್ದರೆ ಆಯಿತು: ಫ್ರಿಜ್ಜಿನಲ್ಲಿ ನೀರು, ಮೈಯಲ್ಲಿ ಜೆಲ್.

ಬಿಸಿ ಯಾಕೆ ಬೇಕು? ತಣ್ಣಗಿದ್ದಾಗ ಸರದ ನೀರೊಲ್ಲದ ಭಾಗಗಳ ಸುತ್ತ ನೀರಿನ ಅಣುಗಳು ಶಿಸ್ತಾಗಿ ಸಾಲುಗಟ್ಟಿರುತ್ತವೆ. ಕಾವು ಏರಿದಂತೆ ಆ ಸಾಲು ಚದುರುತ್ತದೆ, ಬೋಳಾದ ಭಾಗಗಳು ಒಂದಕ್ಕೊಂದು ತಾಗಿ ಅಂಟಿಕೊಳ್ಳುತ್ತವೆ. ಹೀಗೆ ಅಲ್ಲಲ್ಲಿ ಗಂಟು ಬಿದ್ದ ಬಲೆಯೊಳಗೆ ನೀರೆಲ್ಲ ಸಿಕ್ಕಿಬೀಳುತ್ತದೆ. ಚೈನಾ ಗ್ರಾಸ್‌ನಲ್ಲಿ ನಡೆಯುವುದು ಬೇರೆ. ಅಲ್ಲಿ ಆರಿದಾಗ ಸರಗಳು ಹೈಡ್ರೋಜನ್ ಬಂಧಗಳಿಂದ ಹುರಿಗಟ್ಟುತ್ತವೆ, ಬಿಸಿ ಆ ಹುರಿಯನ್ನು ಬಿಚ್ಚುತ್ತದೆ.

ಪ್ರಯೋಜನ ಕಣ್ಣಿನ ಮದ್ದಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ನೀರಿನಂಥ ಹನಿ ಬಿಟ್ಟ ಸ್ವಲ್ಪ ಹೊತ್ತಿಗೇ ಕಣ್ಣೀರಿನ ಜೊತೆ ಹರಿದುಹೋಗುತ್ತದೆ. ಹನಿಯಾಗಿ ಬಿದ್ದು ಅಲ್ಲೇ ಜೆಲ್ ಆದರೆ ಮದ್ದು ನಿಧಾನವಾಗಿ ಇಳಿಯುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಕೊಡುವ ಪೈಲೋಕಾರ್ಪಿನ್ ಮದ್ದನ್ನು ಶೇ 1.5ರ ಇಂಥ ಜೆಲ್‌ನಲ್ಲಿ ಬೆರೆಸಿ ಮೊಲಗಳ ಕಣ್ಣಿನಲ್ಲಿ ಪರೀಕ್ಷಿಸಿದ್ದಾರೆ.

ಇಷ್ಟಾದರೂ ಸಸ್ಯಮೂಲದ್ದೆಂದ ಮಾತ್ರಕ್ಕೆ ದೇಹದ ಒಳಗೆಲ್ಲ ಚುಚ್ಚಬಹುದು ಎಂದುಕೊಳ್ಳಬೇಡಿ. ಈ ಬೆನ್ನೆಲುಬನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ; ಅದು ಕರುಳಿನ ಬ್ಯಾಕ್ಟೀರಿಯಾಗಳ ಬಳಿ ಇದೆ. ಕಣ್ಣಿನಿಂದ ಜೆಲ್ ತಾನಾಗಿ ತೊಳೆದುಹೋಗುತ್ತದೆ. ಮಾಂಸದೊಳಗೆ ಇಟ್ಟದ್ದು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಮೊದಲು ಉತ್ತರ ಬೇಕು.