ಪಾಡ್‌ಕಾಸ್ಟ್‌ಗೆ ಉಚಿತ ಎಡಿಟರ್: ಕತ್ತರಿಸಿದ್ದು ವಾಪಸ್ ಬರುತ್ತದೆಯೇ?

ಉಚಿತ ಆಡಿಯೋ ಎಡಿಟರ್ ಹುಡುಕಲು ಹೊರಟರೆ ಹೆಸರುಗಳಿಗೇನೂ ಬರವಿಲ್ಲ. ಆದರೆ ಬಹಳಷ್ಟು ಸಾಫ್ಟ್‌ವೇರ್‌ಗಳು ಸಂಗೀತ ಮಾಡುವವರಿಗೆಂದೇ ಹುಟ್ಟಿದವು. ಮಾತಿನ ಪಾಡ್‌ಕಾಸ್ಟ್‌ಗೆ ಅಷ್ಟೆಲ್ಲ ಬೇಡ. ರೆಕಾರ್ಡ್ ಮಾಡಬೇಕು, ಬೇಡದ್ದನ್ನು ಕತ್ತರಿಸಬೇಕು, ಹಿನ್ನೆಲೆಯ ಗುಂಯ್‌ಗುಡುವಿಕೆ ತಗ್ಗಿಸಬೇಕು, ಧ್ವನಿಯ ಮಟ್ಟ ಸರಿಮಾಡಿ ಎಂಪಿ3 ತೆಗೆಯಬೇಕು. ಇವುಗಳಲ್ಲಿ ಸಮಯ ನುಂಗುವುದು ಕತ್ತರಿಸುವ ಕೆಲಸ. ಅದಕ್ಕೇ ಯಾವ ಎಡಿಟರ್ ನೋಡಿದರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇವತ್ತು ಕತ್ತರಿಸಿದ್ದನ್ನು ನಾಳೆ ವಾಪಸ್ ತರಬಹುದೇ?

ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಒಮ್ಮೆ ಫ್ಯಾನಿನ ಸದ್ದು ಹೋಗಲೆಂದು ನಾಯ್ಸ್ ರಿಡಕ್ಷನ್ ಮೂರು ಸಲ ಹಾಕಿ, ಅದೇ ಹೆಸರಿನಲ್ಲಿ ಸೇವ್ ಮಾಡಿ ಮಲಗಿದೆ. ಬೆಳಿಗ್ಗೆ ಹೆಡ್‌ಫೋನ್ ಹಾಕಿದರೆ ನೀರಿನೊಳಗೆ ಮುಳುಗಿಕೊಂಡು ಮಾತಾಡಿದ ಹಾಗಿತ್ತು. ಮೂಲ ರೆಕಾರ್ಡಿಂಗ್ ಉಳಿದಿರಲಿಲ್ಲ. ತಪ್ಪು ಪೂರ್ತಿ ನನ್ನದೇ.

ಎಡಿಟಿಂಗ್‌ನಲ್ಲಿ ಎರಡು ಜಾತಿ. ಡಿಸ್ಟ್ರಕ್ಟಿವ್ ಎಂದರೆ ಎಫೆಕ್ಟ್ ಹಾಕಿದ ಕೂಡಲೇ ಧ್ವನಿಯನ್ನೇ ತಿದ್ದಿ ಬರೆಯುವುದು. ನಾನ್-ಡಿಸ್ಟ್ರಕ್ಟಿವ್ ಎಂದರೆ ಮೂಲವನ್ನು ಮುಟ್ಟದೆ, ‘ಇಲ್ಲಿಂದ ಇಲ್ಲಿವರೆಗೆ ನುಡಿಸು, ಇಷ್ಟು ಏರಿಸು’ ಎಂಬ ಸೂಚನೆಗಳನ್ನು ಮಾತ್ರ ನೆನಪಿಟ್ಟುಕೊಳ್ಳುವುದು.

2000ನೇ ಇಸವಿಯಲ್ಲಿ ಬಿಡುಗಡೆಯಾದ ಆಡಾಸಿಟಿ ಎಂಬ ಉಚಿತ ಎಡಿಟರ್ ಬಹುಕಾಲ ಮೊದಲ ಜಾತಿಯದೇ ಆಗಿತ್ತು. 3.1ನೇ ಆವೃತ್ತಿಯಿಂದ ಕ್ಲಿಪ್‌ನ ಅಂಚನ್ನು ಎಳೆದು ಮುಚ್ಚಿದ ಭಾಗವನ್ನು ಮತ್ತೆ ಎಳೆದು ತೆರೆಯಬಹುದು. 3.2ರಿಂದ ಹಲವು ಎಫೆಕ್ಟ್‌ಗಳನ್ನು ನುಡಿಯುತ್ತಿರುವಾಗಲೇ ಹಾಕಿ ತೆಗೆಯಬಹುದು. ಹಾಗೆಂದು ಮೈಮರೆಯಬೇಡಿ. ಅದರ ನಾಯ್ಸ್ ರಿಡಕ್ಷನ್ ಈಗಲೂ ಹಳೆಯ ಜಾತಿಯದೇ, ಪ್ರಾಜೆಕ್ಟ್ ಮುಚ್ಚಿದರೆ ಅನ್‌ಡು ಇತಿಹಾಸವೂ ಹೋಗುತ್ತದೆ. ಮೊದಲು ಟ್ರ್ಯಾಕ್‌ನ ನಕಲು ಮಾಡಿ, ಮೂಲವನ್ನು ಮ್ಯೂಟ್ ಮಾಡಿಟ್ಟು ಆಮೇಲೆ ಕೈ ಹಾಕಿ.

ನಾಯ್ಸ್ ರಿಡಕ್ಷನ್ ಬಳಸುವ ಕ್ರಮ ಹೀಗೆ. ಯಾರೂ ಮಾತಾಡದ, ಬರೀ ಫ್ಯಾನಿನ ಸದ್ದಿರುವ ಒಂದೆರಡು ಸೆಕೆಂಡ್ ಆರಿಸಿ ನಾಯ್ಸ್ ಪ್ರೊಫೈಲ್ (ಆ ಸದ್ದಿನ ಮಾದರಿ) ಪಡೆಯಿರಿ. ಬಳಿಕ ಇಡೀ ಟ್ರ್ಯಾಕ್ ಆರಿಸಿ 6 ಡೆಸಿಬಲ್‌ನಿಂದ ಶುರುಮಾಡಿ. ಅಲ್ಲೇ ‘ರೆಸಿಡ್ಯೂ’ ಎಂಬ ಆಯ್ಕೆಯಿದೆ. ಅದನ್ನು ಒತ್ತಿ ಪ್ರಿವ್ಯೂ ಕೊಟ್ಟರೆ, ಏನನ್ನು ತೆಗೆಯಲಾಗುತ್ತಿದೆಯೋ ಅದಷ್ಟೇ ಕೇಳುತ್ತದೆ. ಅಲ್ಲಿ ಬರೀ ಗುಂಯ್ ಇದ್ದರೆ ಸರಿ. ನಿಮ್ಮ ‘ಸ’, ‘ಶ’ಗಳು ಕೇಳಿಸತೊಡಗಿದರೆ ಮಾತನ್ನೇ ಕೆತ್ತುತ್ತಿದ್ದೀರಿ ಎಂದರ್ಥ. ಆಗ ಪ್ರಿವ್ಯೂ ನಿಲ್ಲಿಸಿ ಪ್ರಮಾಣ ಇಳಿಸಿ. ಅಪ್ಲೈ ಮಾಡುವ ಮುಂಚೆ ಆಯ್ಕೆಯನ್ನು ‘ರಿಡ್ಯೂಸ್’ಗೆ ಮರಳಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಕಸ ಉಳಿದು ಕಾಳು ಹೋಗುತ್ತದೆ!

ಇಬ್ಬರು ಮಾತಾಡುವ ಕಾರ್ಯಕ್ರಮವಾದರೆ ಇನ್ನೊಂದು ಪರೀಕ್ಷೆ ಇದೆ. ಇಬ್ಬರದೂ ಬೇರೆ ಬೇರೆ ಟ್ರ್ಯಾಕ್. ಒಬ್ಬರ ‘ಆಂ...’ ತೆಗೆದಿರಿ ಎನ್ನಿ. ಆ ಟ್ರ್ಯಾಕ್ ಮಾತ್ರ ಅರ್ಧ ಸೆಕೆಂಡ್ ಮುಂದೆ ಸರಿದು, ಅಲ್ಲಿಂದಾಚೆಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತದೆ. ಆಡಾಸಿಟಿಯಲ್ಲಿ ಸಿಂಕ್-ಲಾಕ್ ಆನ್ ಮಾಡಿದರೆ ಎರಡೂ ಒಟ್ಟಿಗೆ ಸರಿಯುತ್ತವೆ. ಬೇರೆ ಕಡೆ ಇದಕ್ಕೆ ರಿಪಲ್ ಎಡಿಟ್ ಎಂಬ ಹೆಸರಿದೆ. ಇನ್ನು ಕೆಮ್ಮು ಬಂದ ಜಾಗದಲ್ಲಿ ಪೂರ್ಣ ನಿಶ್ಶಬ್ದ ತುಂಬಿದರೆ ಧ್ವನಿಯಲ್ಲಿ ಹಳ್ಳ ಬಿದ್ದಂತೆ ಕೇಳುತ್ತದೆ. ಖಾಲಿ ಕೋಣೆಯ ಸದ್ದನ್ನು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿಟ್ಟುಕೊಂಡು ಅದರ ತುಣುಕು ಅಂಟಿಸಿ.

ಉಳಿದವು ಚುಟುಕಾಗಿ. ಓಸೆನ್‌ಆಡಿಯೋ (ocenaudio) ಹಗುರ, ಎಫೆಕ್ಟ್ ಬದಲಿಸುತ್ತಲೇ ಕೇಳಬಹುದು, ಆದರೆ ಹಲವು ಟ್ರ್ಯಾಕ್‌ಗಳನ್ನು ಒಟ್ಟಿಗೆ ಜೋಡಿಸುವ ಮಲ್ಟಿಟ್ರ್ಯಾಕ್ ಇಲ್ಲ. ಒಂಟಿ ಧ್ವನಿಯ ಪಾಡ್‌ಕಾಸ್ಟ್‌ಗೆ ನಾನು ಮೊದಲು ಹೇಳುವುದೇ ಇದನ್ನು. ಗ್ಯಾರೇಜ್‌ಬ್ಯಾಂಡ್ ಆಪಲ್ ಸಾಧನಗಳಿಗೆ ಮಾತ್ರ. ಆರ್ಡರ್ (Ardour) ಎಂಬ ಎಡಿಟರ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಮುಕ್ತ, ಆದರೆ ಅವರ ತಾಣದ ಸಿದ್ಧ ಪ್ರತಿಗೆ ಹಣ ಕೊಡಬೇಕು. ಲಿನಕ್ಸ್ ಬಳಸುವವರಿಗೆ ತಮ್ಮ ಲಿನಕ್ಸ್ ವಿತರಣೆಯ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗಬಹುದು. ರೀಪರ್ ಉಚಿತ ಎಂದು ಎಷ್ಟೋ ಜನ ತಿಳಿದಿದ್ದಾರೆ, ಅಲ್ಲ. 60 ದಿನ ಬಳಸಿ ನೋಡಿ, ಆಮೇಲೆ ಲೈಸೆನ್ಸ್ ಕೊಳ್ಳಬೇಕು.

ಕೊನೆಯ ಹಂತದಲ್ಲಿ ಎಡವುವುದು ಧ್ವನಿಯ ಮಟ್ಟದಲ್ಲಿ. ಆಪಲ್ ಪಾಡ್‌ಕಾಸ್ಟ್ಸ್ ಕೇಳುವುದು ಸುಮಾರು -16 ಲಫ್ಸ್ (LUFS, ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ), ಟ್ರೂ ಪೀಕ್ ಅಂದರೆ ಧ್ವನಿಯ ಅತಿ ಎತ್ತರದ ತುದಿ -1 ಡೆಸಿಬಲ್ ಮೀರಬಾರದು. ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೊದಲೇ ತುಂಬಿರುವ ಅಂಕಿ -23. ಅದು ಪ್ರಸಾರ ವಾಹಿನಿಗಳ ಮಟ್ಟ. ಹಾಗೇ ಬಿಟ್ಟರೆ ನಿಮ್ಮ ಸಂಚಿಕೆ ಪಿಸುಮಾತಿನಂತಾಗಿ, ಕೇಳುಗರು ವಾಲ್ಯೂಮ್ ಏರಿಸುತ್ತ ಕೂರಬೇಕಾಗುತ್ತದೆ.

ಎಂಪಿ3ಯನ್ನು ಒಮ್ಮೆ ಮಾತ್ರ, ಕಟ್ಟಕಡೆಗೆ ತೆಗೆಯಿರಿ. 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ (WAV, ಕುಗ್ಗಿಸದ ಧ್ವನಿ) ಫೈಲ್ ಒಂದು ಗಂಟೆಗೆ ಸುಮಾರು 318 ಎಂಬಿ ತಿನ್ನುತ್ತದೆ. ಅದೇ ಮಾತು 64 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 29 ಎಂಬಿ. ಜಾಗ ಉಳಿಯಿತೆಂದು ಆ ಎಂಪಿ3ಯನ್ನೇ ಮತ್ತೆ ತೆರೆದು ತಿದ್ದಿ ಇನ್ನೊಮ್ಮೆ ಎಂಪಿ3 ಮಾಡಿದರೆ ಪ್ರತಿ ಸಲವೂ ಗುಣಮಟ್ಟ ಸವೆಯುತ್ತದೆ. ವೇವ್ ಪ್ರತಿ ಬೇರೆ ಫೋಲ್ಡರ್‌ನಲ್ಲಿ ಇರಲಿ, ಹೆಸರಿಗೆ ‘ಮೂಲ’ ಎಂದು ಸೇರಿಸಿ.