ಗೆದ್ದವರನ್ನೇ ಸದನದಿಂದ ಹೊರದಬ್ಬಿದ ಇಂಡಿಯಾನಾ ಚುನಾವಣೆ

ಹೆಚ್ಚು ಮತ ಬಂದವರು ಗೆದ್ದರು, ಅಲ್ಲಿಗೆ ಚುನಾವಣೆ ಮುಗಿಯಿತು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಎಣಿಕೆ ಅರ್ಧ ಕೆಲಸ ಅಷ್ಟೇ. ಚುನಾವಣೆ ಯಾವಾಗ ನಡೆಯಬೇಕು, ಫಲಿತಾಂಶ ಯಾರು ಸಾರಬೇಕು, ತಕರಾರನ್ನು ಯಾರು ಬಗೆಹರಿಸಬೇಕು ಎಂಬುದು ಮೊದಲೇ ಬರೆದಿರಬೇಕು. ಅಮೆರಿಕದ ಇಂಡಿಯಾನಾ ರಾಜ್ಯದ 1851ರ ಸಂವಿಧಾನದಲ್ಲಿ ಇಂಥ ಒಂದು ಉತ್ತರ ಬಿಟ್ಟುಹೋಗಿತ್ತು.

ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ದೆಹಲಿಯವರಂತೆ ನೇಮಕಗೊಂಡು ಬರುವವರಲ್ಲ. ಜನರೇ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. 50 ಸದಸ್ಯರ ರಾಜ್ಯ ಸೆನೆಟ್‌ಗೆ, ಅಂದರೆ ಮೇಲ್ಮನೆಗೆ, ಅವರೇ ಅಧ್ಯಕ್ಷರು. ಗವರ್ನರ್ ಹುದ್ದೆ ತೆರವಾದರೆ ಅದೂ ಅವರಿಗೇ. 1884ರಲ್ಲಿ ಗವರ್ನರ್ ಐಸಾಕ್ ಗ್ರೇ ಜೊತೆ ಗೆದ್ದಿದ್ದ ಡೆಮಾಕ್ರಾಟ್ ಮಾಹ್ಲನ್ ಮ್ಯಾನ್ಸನ್ 1886ರಲ್ಲಿ ಕೇಂದ್ರ ಸರ್ಕಾರದ ಹುದ್ದೆಗಾಗಿ ರಾಜೀನಾಮೆ ಕೊಟ್ಟರು. ನಡುವೆ ಖಾಲಿಯಾದ ಈ ಕುರ್ಚಿಗೆ ಉಪಚುನಾವಣೆ ಇದೆಯೇ? ಸಂವಿಧಾನದಲ್ಲಿ ಸ್ಪಷ್ಟ ಮಾತಿರಲಿಲ್ಲ. ನಡೆಸಬಹುದು ಎಂದು ಅಟಾರ್ನಿ ಜನರಲ್ ಹೇಳಿದರು. ಎರಡೂ ಪಕ್ಷಗಳು ಅಭ್ಯರ್ಥಿಗಳನ್ನು ನಿಲ್ಲಿಸಿದವು. ನವೆಂಬರ್ 2ರಂದು ರಿಪಬ್ಲಿಕನ್ ಪಕ್ಷದ ರಾಬರ್ಟ್ ರಾಬರ್ಟ್‌ಸನ್ ಗೆದ್ದರು. ಆಮೇಲೆ ಡೆಮಾಕ್ರಾಟರು ಈ ಚುನಾವಣೆಯೇ ಅಸಿಂಧು ಎಂದು ಹಟ ಹಿಡಿದರು. ಆ ಆಕ್ಷೇಪ ಮತದಾನಕ್ಕೆ ಮುಂಚೆ ಬರಬೇಕಿತ್ತು. ಅಭ್ಯರ್ಥಿ ಹಾಕಿ ಸೋತ ಮೇಲೆ ಎತ್ತಿದ್ದು ನ್ಯಾಯವಲ್ಲ.

ಫಲಿತಾಂಶ ಸಾರುವ ಕ್ರಮ ಹೀಗಿತ್ತು: ಮತಗಳ ಲೆಕ್ಕಪಟ್ಟಿಯನ್ನು ಮೊಹರು ಮಾಡಿ ಕೆಳಮನೆಯ ಸ್ಪೀಕರ್ ಹೆಸರಿಗೆ ರಾಜಧಾನಿಗೆ ಕಳಿಸಬೇಕು. ಸ್ಪೀಕರ್ ಅದನ್ನು ಎರಡೂ ಸದನಗಳ ಎದುರು ಒಡೆದು ಪ್ರಕಟಿಸಬೇಕು. ಸಮ ಬಂದರೆ ಎರಡೂ ಸದನಗಳು ಕೂಡಿ ಆರಿಸಬೇಕು. ತಕರಾರು ಬಂದರೂ ತೀರ್ಪು ಶಾಸಕಾಂಗದ್ದೇ. ಜಗಳವಾಡುವವರೇ ಪಂಚಾಯ್ತಿಗೆ ಕೂತಂತೆ! ಎರಡೂ ಸದನಗಳು ಒಂದೇ ಪಕ್ಷದ ಕೈಯಲ್ಲಿದ್ದಾಗ ಈ ವ್ಯವಸ್ಥೆ ಹೇಗೋ ನಡೆಯುತ್ತದೆ. 1887ರಲ್ಲಿ 100 ಸದಸ್ಯರ ಕೆಳಮನೆ ರಿಪಬ್ಲಿಕನ್ನರದು, ಸೆನೆಟ್ ಡೆಮಾಕ್ರಾಟರದು.

ಜಿದ್ದಿಗೆ ಇನ್ನೊಂದು ಕಾರಣವಿತ್ತು. ಆಗ ವಾಷಿಂಗ್ಟನ್ನಿನ ರಾಷ್ಟ್ರೀಯ ಸೆನೆಟ್‌ಗೆ ಸದಸ್ಯರನ್ನು ಆರಿಸುತ್ತಿದ್ದುದು ರಾಜ್ಯ ಶಾಸಕರೇ. 150 ಜನರಲ್ಲಿ ಬಹುಮತಕ್ಕೆ 76 ಬೇಕು, ಪಕ್ಷಗಳ ಬಲ ಸರಿಸುಮಾರು ಸಮ. ಗ್ರೇ ಕೂಡ ಆ ಸ್ಥಾನದ ಆಕಾಂಕ್ಷಿ. ಅವರು ಹೋದರೆ ರಾಬರ್ಟ್‌ಸನ್ ಗವರ್ನರ್ ಆಗಿಬಿಡುತ್ತಿದ್ದರು. ಕೊನೆಗೆ ಡೆಮಾಕ್ರಾಟ್ ಡೇವಿಡ್ ಟರ್ಪಿ, ಮರುವರ್ಷ ಅಧ್ಯಕ್ಷ ಚುನಾವಣೆ ಗೆಲ್ಲಲಿದ್ದ ಬೆಂಜಮಿನ್ ಹ್ಯಾರಿಸನ್ ಅವರನ್ನು ಸೋಲಿಸಿದರು.

ರಾಬರ್ಟ್‌ಸನ್ ಆಯ್ಕೆಯ ತಕರಾರು ತನ್ನ ವ್ಯಾಪ್ತಿಗೆ ಬಾರದು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಕೈಬಿಟ್ಟಿತು. 1887ರ ಫೆಬ್ರವರಿ 24ರಂದು ರಾಬರ್ಟ್‌ಸನ್ ಪೀಠವೇರಲು ಸೆನೆಟ್‌ಗೆ ಬಂದರು. ಡೆಮಾಕ್ರಾಟರು ಹಂಗಾಮಿ ಅಧ್ಯಕ್ಷರಾಗಿ ಪೀಠದಲ್ಲಿ ಕೂರಿಸಿದ್ದ ಆಲಾಂಜೊ ಸ್ಮಿತ್ ಆಜ್ಞೆಯಂತೆ ಬಾಗಿಲು ಕಾಯುವವರು ಅವರನ್ನು ಹಿಡಿದು ಹೊರದಬ್ಬಿದರು. ಸದಸ್ಯರು ಕೈಕೈ ಮಿಲಾಯಿಸಿದರು, ಪಿಸ್ತೂಲೂ ಸಿಡಿಯಿತು, ಪೊಲೀಸರು ಬರಬೇಕಾಯಿತು. ಸೆನೆಟ್ ಜೊತೆ ಇನ್ನು ವ್ಯವಹಾರವಿಲ್ಲ ಎಂದು ಕೆಳಮನೆ ನಿರ್ಧರಿಸಿತು. ಮಸೂದೆಗೆ ಎರಡೂ ಸದನಗಳ ಒಪ್ಪಿಗೆ ಬೇಕಾದ್ದರಿಂದ ಶಾಸನದ ಕೆಲಸ ನಿಂತೇಹೋಯಿತು.

ವಾಷಿಂಗ್ಟನ್ನಿನ ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವ ಪದ್ಧತಿ 1913ರ 17ನೇ ತಿದ್ದುಪಡಿಯಿಂದ ದೇಶಕ್ಕೆಲ್ಲ ಬಂತು. ಇಂಡಿಯಾನಾ ಸಂವಿಧಾನದ ಆ ಖಾಲಿ ಜಾಗವೂ ಮುಂದೆ ತುಂಬಿತು: ಈಗ ಲೆಫ್ಟಿನೆಂಟ್ ಗವರ್ನರ್ ಹುದ್ದೆ ತೆರವಾದರೆ ಗವರ್ನರ್ ಹೆಸರು ಸೂಚಿಸುತ್ತಾರೆ, ಎರಡೂ ಸದನಗಳು ಬಹುಮತದಿಂದ ಒಪ್ಪಬೇಕು. ಸದನಗಳು ಬೇರೆ ಬೇರೆ ಪಕ್ಷಗಳ ಕೈಯಲ್ಲಿದ್ದರೆ ಈಗಲೂ ಒಂದು ಸದನ ಅಡ್ಡಗಾಲು ಹಾಕಬಹುದು.